ಒಲೆ ಕಡೆಯ ಕೆನ್ನೆ

ಜವಳಿ ಅಂಗಡಿ ಗುರುಲಿಂಗಪ್ಪನವರು ಅವರ ಮಗನಿಗಿಂತ ಮೂರು ವರ್ಷ ಚಿಕ್ಕವರಾದ್ರಲ್ಲ, ಆ ವರ್ಷವೇ ನಾನು ಮುಖದಂಗಡಿ ತೆಗೆದಿದ್ದು. ನೋಟದ ದಿನ ಅಪ್ಪನಿಗೆ ನಲವತ್ತೊಂದು ಅಂದ್ರು, ಮಗ ಶಾಂತವೀರನಿಗೆ ನಲವತ್ನಾಲ್ಕು ಅಂದ್ರು, ಮುಗೀತು. ಮಾರನೇ ದಿನದಿಂದ ಮಗ ಗಲ್ಲಾಪೆಟ್ಟಿಗೆ ಮುಂದೆ ಕೂತ, ಅಪ್ಪ ಸೀರೆ ಮಡಿಸೋಕೆ ನಿಂತ್ರು. ಹಬ್ಬದ ದಿನ ಅಪ್ಪನೇ ಮಗನ ಕಾಲಿಗೆ ಬಿದ್ದು ಆಶೀರ್ವಾದ ತಗೊಂಡ್ರು. "ಏಳು ಗಂಟೆಯೊಳಗೆ ಮನೆ ಸೇರ್ಕೋಬೇಕು, ಗೊತ್ತಾಯ್ತಾ?" ಅಂತ ಶಾಂತವೀರ ಬೈದ್ರೆ ಅವರು "ಆಯ್ತಣ್ಣ" ಅಂತ ತಲೆ ಬಗ್ಗಿಸೋರು. ಇದರಲ್ಲಿ ಯಾರಿಗೂ ಏನೂ ವಿಶೇಷ ಅನ್ನಿಸ್ಲಿಲ್ಲ. ನಮ್ಮೂರಲ್ಲಿ ಹೆಂಗಸರ ವಯಸ್ಸು ವರ್ಷದ ಲೆಕ್ಕ, ಗಂಡಸರ ವಯಸ್ಸು ಮುಖದ ಲೆಕ್ಕ, ಅಷ್ಟೇ.

ನನ್ನ ಹೆಸರು ವೇಣಿ. ನನಗೆ ಚರ್ಮ ಅಂದ್ರೆ ಹುಚ್ಚು. ಬೇರೆ ಹುಡುಗೀರು ಸೀರೆ ನೋಡ್ತಾರೆ, ಸಿನಿಮಾ ನೋಡ್ತಾರೆ, ನಾನು ಬಸ್‌ಸ್ಟ್ಯಾಂಡಲ್ಲಿ ನಿಂತು ಗಂಡಸರ ಹಣೆ ನೋಡ್ತೀನಿ. ತಪ್ಪು ತಿಳ್ಕೋಬೇಡಿ, ಹಣೆ ಮಾತ್ರ. ಮೂಗಿನ ಪಕ್ಕದ ಗೆರೆ ಬಿಸಿಲಿಂದ ಬಂದಿದ್ದಾ, ಬೀಡಿಯಿಂದ ಬಂದಿದ್ದಾ, ಹೆಂಡತಿ ತಮ್ಮನಿಂದ ಬಂದಿದ್ದಾ ಅಂತ ಹತ್ತು ಮಾರು ದೂರದಿಂದಲೇ ಹೇಳ್ಬಿಡ್ತೀನಿ. ನನ್ನ ಅಂಗಡೀಲಿ ಸನ್‌ಸ್ಕ್ರೀನ್ ಇದೆ, ಸೀರಮ್ ಇದೆ, ಮಲಗೋ ಮುಂಚೆ ಹಚ್ಚೋ ಕ್ರೀಮಿದೆ, ಹಿತ್ತಲಿನ ಲೋಳೆಸರ ಇದೆ, ಅಕ್ಕಿ ತೊಳೆದ ನೀರನ್ನ ಎರಡು ದಿನ ಹುಳಿ ಬರಿಸಿ ಸೀಸೆಗೆ ತುಂಬಿದ್ದೂ ಇದೆ. ಗಿರಾಕಿಗಳಿಗೇನು ಬರ ಇಲ್ಲ. ನಮ್ಮೂರ ಪೋಸ್ಟ್‌ಮ್ಯಾನ್ ಒಂದು ಕೈಲಿ ಕೊಡೆ ಹಿಡ್ಕೊಂಡೇ ಸೈಕಲ್ ಹೊಡೀತಾನೆ. ಬೀದಿಯ ನೆರಳಿನ ಕಡೆ ಗಂಡಸರು ನಡೀತಾರೆ, ಬಿಸಿಲಿನ ಕಡೆ ಹೆಂಗಸರು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲೂ ನೆರಳೇ ಇರಲ್ಲ ನೋಡಿ, ಆಗ ಗಂಡಸರೆಲ್ಲ ಹತ್ತಿರ ಇರೋ ಅಂಗಡಿಗೆ ನುಗ್ತಾರೆ. ಹಾಗಾಗಿ ಬಳೆ ಅಂಗಡೀಲೂ ಮಧ್ಯಾಹ್ನ ಗಂಡಸರದ್ದೇ ರಶ್ಶು.

ನೋಟಕ್ಕೆ ಒಂದು ತಿಂಗಳು ಇದೆ ಅನ್ನೋವಾಗ ಗಂಡಸರು ನಗೆ ಬಿಡ್ತಾರೆ. ಶ್ರಾವಣದಲ್ಲಿ ಮಾಂಸ ಬಿಟ್ಟ ಹಾಗೆ. ನಕ್ಕರೆ ಕಣ್ಣಿನ ಮೂಲೇಲಿ ಗೆರೆ ಬೀಳುತ್ತೆ ಅಲ್ವಾ, ಅದಕ್ಕೆ. ಆ ತಿಂಗಳು ಹೆಂಗಸರಿಗೆ ಹಬ್ಬ. ವರ್ಷವಿಡೀ ಕೂಡಿಟ್ಟ ಜೋಕನ್ನೆಲ್ಲ ಊಟಕ್ಕೆ ಬಡಿಸ್ತಾ ಬಡಿಸ್ತಾ ಹೇಳ್ತಾರೆ. ಗಂಡ ಅನ್ನೋನು ಕೆನ್ನೆ ಒಳಗೆ ಕಚ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು, ಸುಮ್ನೆ ಸಾರು ಕಲಸ್ತಾ ಕೂತಿರ್ತಾನೆ.

ನೋಟ ಅಂದ್ರೆ ಹೀಗೆ. ಸಂತೆ ಮೈದಾನದಲ್ಲಿ ಒಂದು ಬಿಳೀ ಪರದೆ ಕಟ್ತಾರೆ, ನಡುವೆ ಮುಖದಗಲ ಒಂದು ತೂತು. ಕಡ್ಲೆಹಿಟ್ಟಲ್ಲಿ ಮುಖ ತೊಳ್ಕೊಂಡು, ಎಣ್ಣೆ ಪೌಡರ್ ಏನೂ ಇಲ್ಲದೆ, ತೂತಲ್ಲಿ ಮುಖ ಇಟ್ಟು ಅಲ್ಲಾಡದೆ ನಿಲ್ಬೇಕು. ಆ ಕಡೆ ಮೂರು ಜನ ನೋಟದವರು ಕೂತಿರ್ತಾರೆ. ಡಾಕ್ಟರಲ್ಲ, ಮೇಷ್ಟ್ರಲ್ಲ, ಮೂವರೂ ತರಕಾರಿ ಮಾರೋ ಹೆಂಗಸರು. ಬಾಡಿದ್ದು ಯಾವುದು, ಎಳೇದು ಯಾವುದು, ನೀರು ಚಿಮುಕಿಸಿ ಎಳೇದರ ಹಾಗೆ ಕಾಣಿಸ್ತಿರೋದು ಯಾವುದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ ಹೇಳಿ? ಮೂವರೂ ಒಂದೊಂದು ವಯಸ್ಸು ಕೂಗ್ತಾರೆ. ಮೂರರಲ್ಲಿ ಹೆಚ್ಚಿಂದು ಬಿಟ್ಟು, ಕಡಿಮೇದು ಬಿಟ್ಟು, ನಡುವೆ ಉಳಿದಿದ್ದೇ ನಿಮ್ಮ ವಯಸ್ಸು. ಮುಂದಿನ ವರ್ಷದ ತನಕ ಅದರ ಮೇಲೆ ಮಾತಿಲ್ಲ.

ಅರವತ್ತು ಅಂತ ಬಿತ್ತೋ, ಆವತ್ತೇ ಕೈಲಿರೋ ಕೆಲಸ ಕೆಳಗಿಟ್ಟು ಹಿರೀಕರ ಜಗಲಿ ಹತ್ತಬೇಕು. ಅಲ್ಲಿ ಕೂತು ಊರಿಗೆ ಬುದ್ಧಿ ಹೇಳ್ಬೇಕು, ದಿನಕ್ಕೆ ಹನ್ನೆರಡು. ಇವತ್ತು ಹತ್ತೇ ಹೇಳಿದ್ರೆ ನಾಳೆ ಹದಿನಾಲ್ಕು. ಬಹಳ ಜನಕ್ಕೆ ಇದು ಇಷ್ಟಾನೇ. ಕೆಲವರಂತೂ ಐವತ್ತೈದಕ್ಕೇ ಬಿಸಿಲಲ್ಲಿ ಮುಖ ಒಣಗಿಸೋಕೆ ಶುರು ಮಾಡ್ತಾರೆ. ಆದ್ರೆ ನನ್ನ ಸೋದರಮಾವ ಹಾಲಪ್ಪನ ಕಥೆ ಬೇರೆ.

ಊರಿಗೆ ಇರೋದೊಂದೇ ಬೇಕರಿ, ಅದು ಮಾವಂದು. ಅವನಿಗೆ ಬರೋದು ಎರಡೇ ಮಾತು. ಒಂದು, "ಬೆಂದಿದೆ." ಇನ್ನೊಂದು, "ಇನ್ನೂ ಬೇಯ್ಬೇಕು." ಹೆಣ್ಣು ನೋಡೋಕೆ ಹೋದಾಗ "ಹುಡುಗಿ ಒಪ್ಪಿಗೆ ಆಯ್ತೇನಪ್ಪಾ?" ಅಂತ ಕೇಳಿದ್ದಕ್ಕೆ "ಬೆಂದಿದೆ" ಅಂದ್ನಂತೆ, ರುದ್ರತ್ತೆ ಇವತ್ತಿಗೂ ಅದನ್ನ ಎತ್ತಾಡ್ತಾಳೆ. ಅಂಥವನನ್ನ ಜಗಲಿ ಮೇಲೆ ಕೂರಿಸಿ ದಿನಕ್ಕೆ ಹನ್ನೆರಡು ಬುದ್ಧಿ ಹೇಳು ಅಂದ್ರೆ? ಒಲೆ ಬಿಟ್ಟು ಮಾವನಿಗೆ ಲೋಕ ಗೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಸೌದೆ ಉರಿಸಿ, ಕೆಂಡ ಪಕ್ಕಕ್ಕೆ ಎಳೆದು, ಅಂಗೈ ಒಳಗೆ ಹಿಡಿದು ಶಾಖ ನೋಡಿ, ನಾಲ್ಕೂವರೆಗೆ ಮೊದಲ ಟ್ರೇ ಬನ್ನು ತೆಗೀತಾನೆ. ಆ ಹೊತ್ತಿಗೆ ಸರಿಯಾಗಿ ಸೊಪ್ಪು ಮಾರೋ ಕೆಂಚವ್ವ ಬಾಗಿಲಲ್ಲಿ ಬುಟ್ಟಿ ಇಳಿಸಿ "ಬೆಂದಿದ್ಯಾ ಹಾಲಪ್ಪಾ?" ಅಂತಾಳೆ. ಮಾವ ಎರಡರಲ್ಲಿ ಒಂದು ಹೇಳ್ತಾನೆ. ಹದಿನೈದು ವರ್ಷದಿಂದ ಅವರಿಬ್ಬರ ನಡುವೆ ನಡೆದಿರೋ ಮಾತೆಲ್ಲ ಸೇರಿಸಿದ್ರೂ ಇಷ್ಟೇ. ಈ ಕೆಂಚವ್ವನೇ ನೋಟದವರಲ್ಲಿ ಮೂರನೆಯವಳು, ಅವಳ ಕಣ್ಣು ಅಂದ್ರೆ ಊರ ಗಂಡಸರೆಲ್ಲ ನಡುಗ್ತಾರೆ.

ಈಗ ತೊಂದರೆ ಏನಂದ್ರೆ, ಮಾವ ಒಲೆ ಮುಂದೆ ನೆಟ್ಟಗೆ ನಿಲ್ಲಲ್ಲ. ಓರೆಯಾಗಿ ನಿಲ್ತಾನೆ, ಎಡಗೆನ್ನೆ ಒಲೆ ಬಾಯಿಗೆ ಕೊಟ್ಟು. ಹಾಗೆ ನಿಂತ್ರೇನೇ ಟ್ರೇ ತಳ್ಳೋ ಉದ್ದ ಕೋಲಿನ ಹಲಗೆ ಹಿಡಿದ ಬಲಗೈಗೆ ಬೀಸು ಸಿಗೋದು. ಇಪ್ಪತ್ತಾರು ವರ್ಷ ಹಾಗೇ ನಿಂತು ಅವನ ಮುಖ ಎರಡು ಊರಾಗಿಬಿಟ್ಟಿತ್ತು. ಬಲಗಡೆಯಿಂದ ನೋಡಿದ್ರೆ ನಲವತ್ತು, ಮದುವೆ ಗಂಡಿನ ಅಣ್ಣನ ಹಾಗೆ. ಎಡಗಡೆಯಿಂದ ನೋಡಿದ್ರೆ ಬಿರುಕು ಬಿಟ್ಟ ಕೆರೆ. ಅತ್ತೆಯ ವರ್ಷದ ಲೆಕ್ಕದಲ್ಲಿ ಅವನಿಗೆ ನಲವತ್ತಾರು, ಆದ್ರೆ ಅದನ್ನ ಯಾರು ಕೇಳ್ತಾರೆ? ಹಿಂದಿನ ವರ್ಷ ನೋಟದಲ್ಲಿ ಐವತ್ತೆಂಟು ಅಂದ್ರು. "ಬಲಗಡೆನೂ ಸ್ವಲ್ಪ ನೋಡಿ ಕೆಂಚವ್ವಾ" ಅಂತ ಅತ್ತೆ ಕೂಗಿದ್ದಕ್ಕೆ, "ಬದನೇಕಾಯಿ ಒಂದು ಕಡೆ ಬಾಡಿದ್ರೂ ಬಾಡಿದ ಬದನೇಕಾಯಿನೇ ಕಣವ್ವಾ, ನೀನು ತಗೋತೀಯಾ ಹೇಳು?" ಅಂದ್ಲು.

ಆವತ್ತು ಸಂಜೇನೇ ಜಗಲಿಯ ಚೌಡಜ್ಜ ತನ್ನ ಪಕ್ಕದ ಕಲ್ಲನ್ನ ತೊಳೆಸಿ, ಕೆಂಪು ಅಂಚಿನ ಹೊಸ ದಿಂಬು ಹಾಕಿಸಿದ. "ಹಾಲಪ್ಪಾ, ನಿನಗೆ ಜಾಗ ಮಾಡಿದ್ದೀವಿ ಕಣಯ್ಯಾ, ಬೂರುಗದ ಹತ್ತಿ ಹಾಕಿಸಿದ್ದೀನಿ, ಮೆತ್ತಗಿದೆ ನೋಡು" ಅಂದ. ಪ್ರೀತಿಯಿಂದಲೇ ಅಂದಿದ್ದು, ಪಾಪ. ಮಾವ ಆಮೇಲಿಂದ ಬಿಸ್ಕತ್ತಿನ ಡಬ್ಬ ಹೊತ್ಕೊಂಡು ಆ ದಾರೀಲಿ ಹೋಗೋದೇ ಬಿಟ್ಟ, ಸುತ್ತು ಹಾಕ್ಕೊಂಡು ಹೋಗೋನು.

ನನ್ನ ಅಂಗಡಿ ಬೇಕರಿಗೆ ಅಂಟ್ಕೊಂಡೇ ಇದೆ. ಒಲೆಯ ಹಿಂದಿನ ಗೋಡೆನೇ ನನ್ನ ಅಂಗಡಿಯ ಗೋಡೆ. ಟವೆಲ್ ಹಿಂಡಿ ಆ ಗೋಡೆಗೆ ಅಂಟಿಸಿದ್ರೆ ಎರಡು ನಿಮಿಷಕ್ಕೆ ಹಬೆಯಾಡುತ್ತೆ. ನಾನು ಈ ಕಸುಬು ಕಲಿತಿದ್ದೇ ಆ ಗೋಡೆ ಬಿಸಿಯಲ್ಲಿ. ಅಂಥ ಮಾವನ ಮುಖ ಕೈಲಿ ಹಿಡ್ಕೊಂಡು "ಒಂದು ವರ್ಷ ಟೈಮ್ ಕೊಡು ಮಾವ, ನಿನ್ನನ್ನ ಐವತ್ತಕ್ಕೆ ಇಳಿಸ್ತೀನಿ" ಅಂತ ಮಾತು ಕೊಟ್ಟೆ. ಮಾವ "ಇನ್ನೂ ಬೇಯ್ಬೇಕು" ಅಂದ. ಅದು ಟ್ರೇಗೆ ಅಂದಿದ್ದೋ ನನಗೆ ಅಂದಿದ್ದೋ ತಿಳೀಲಿಲ್ಲ, ನಾನು ನನಗೇ ಅಂದ್ಕೊಂಡು ಶುರು ಹಚ್ಕೊಂಡೆ.

ಎಂಟು ತಿಂಗಳು ಏನೇನು ಮಾಡಿದ್ದೀನಿ ಕೇಳಬೇಡಿ. ಎಡಗೆನ್ನೆಗೆ ಬೆಳಗ್ಗೆ ಸೀರಮ್, ಮಧ್ಯಾಹ್ನ ಲೋಳೆಸರ, ಸಂಜೆ ಕೆನೆ. ಬೆಳಗ್ಗೆ ಸ್ವಲ್ಪ ಗೆರೆ ಕಡಿಮೆ ಆದ ಹಾಗೆ ಕಾಣೋದು, ನಾಲ್ಕೂವರೆ ಬನ್ನು ತೆಗೆಯೋ ಹೊತ್ತಿಗೆ ಎಲ್ಲ ವಾಪಸ್ಸು. ಒಲೆ ನನ್ನ ಕ್ರೀಮನ್ನ ಕುಡಿದು ಕೂತ್ಕೊಳ್ಳೋದು. ಒಂದಿನ ಅತ್ತೆ ರೊಟ್ಟಿ ಮಗುಚಿ ಹಾಕೋದನ್ನ ನೋಡ್ತಿದ್ದೆ, ತಲೇಲಿ ಟಣ್ ಅಂತ ಬೆಳಕು ಹತ್ತಿತು. ಓಡಿ ಹೋಗಿ "ಮಾವ, ನೀನು ತಿರುಗಿ ನಿಂತ್ಕೋ!" ಅಂದೆ. "ಎಡಗಡೆ ಅರವತ್ತು, ಬಲಗಡೆ ನಲವತ್ತು. ಬಲಗಡೆಗೂ ಸ್ವಲ್ಪ ಶಾಖ ಕೊಟ್ಟು, ಎಡಗಡೆಗೆ ರೆಸ್ಟ್ ಕೊಟ್ರೆ ಎರಡೂ ಬಂದು ಐವತ್ತಕ್ಕೆ ನಿಲ್ತವೆ. ನೀನೇ ಹೇಳು, ರೊಟ್ಟೀನ ಒಂದೇ ಕಡೆ ಬೇಯಿಸ್ತಾರಾ?" ರೊಟ್ಟಿ ಮಾತು ತೆಗೆದ್ರೆ ಮಾವ ಸೋತ ಅಂತ್ಲೇ. ಲೆಕ್ಕ ಎಷ್ಟು ಚೆನ್ನಾಗಿತ್ತು ಅಂದ್ರೆ ಅತ್ತೆನೂ "ಹೌದಲ್ವೇ" ಅಂದ್ಲು. ಮಾವ ಹಲಗೆ ಎಡಗೈಗೆ ತಗೊಂಡು, ಬಲಗೆನ್ನೆ ಒಲೆಗೆ ಕೊಟ್ಟು ನಿಂತ.

ಮೂರು ತಿಂಗಳು ಊರಿಗೆ ಒಳ್ಳೇ ಬನ್ನು ಸಿಗಲಿಲ್ಲ. ಎಡಗೈಗೆ ಹಿಡಿತ ಇಲ್ಲ, ಟ್ರೇ ಓರೆಯಾಗಿ ಹೋಗಿ ಗೋಡೆಗೆ ತಗುಲೋದು, ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸೀ ಹಿಟ್ಟು. ಕೆಂಚವ್ವ ಬನ್ನನ್ನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಲೇ ವೇಣಿ, ನಿಮ್ಮಾವನ ಬನ್ನಿಗೂ ಎರಡು ಮುಖ ಬಂತಲ್ಲೇ" ಅಂದ್ಲು. ನಾನು ನಕ್ಕು "ಎಲ್ಲ ಸರಿ ಹೋಗುತ್ತೆ ಕೆಂಚವ್ವಾ" ಅಂದೆ. ಸರಿ ಹೋಗಲಿಲ್ಲ. ನಗೆ ಬಿಡೋ ತಿಂಗಳು ಅರ್ಧ ಕಳೆದ ಮೇಲೆ, ನೋಟಕ್ಕೆ ಇನ್ನು ಹದಿನೈದು ದಿನ ಇದೆ ಅನ್ನೋವಾಗ, ಮಾವನನ್ನ ಬಾಗಿಲ ಬೆಳಕಲ್ಲಿ ಕೂರಿಸಿ ಕನ್ನಡಿ ಹಿಡಿದು ನೋಡಿದೆ. ಎಡಗೆನ್ನೆ ಅರವತ್ತರಿಂದ ಐವತ್ತೊಂಬತ್ತಕ್ಕೆ ಬಂದಿತ್ತು ಅಂತಿಟ್ಕೊಳ್ಳಿ. ಬಲಗೆನ್ನೆ, ಹುಟ್ಟಿದಾಗಿಂದ ಶಾಖ ನೋಡದ ಕೆನ್ನೆ, ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುಡಿಕೊಂಡು ಅರವತ್ತೆರಡಕ್ಕೆ ಹೋಗಿ ಕೂತಿತ್ತು.

ನನ್ನ ಕೈಯಿಂದ ಕನ್ನಡಿ ಜಾರ್ತು. ಅತ್ತೆ ಬಂದು ನೋಡಿದ್ಲು, ಆ ಕಡೆಯಿಂದ ನೋಡಿದ್ಲು, ಈ ಕಡೆಯಿಂದ ನೋಡಿದ್ಲು. "ಏನೇ ಇದು? ಅರ್ಧ ಗಂಡನಾದ್ರೂ ಚೆನ್ನಾಗಿದ್ದ, ಅದನ್ನೂ ಕೆಡಿಸಿಟ್ಯಾ? ಇಷ್ಟು ವರ್ಷ ಅವನ ಬಲಗಡೆನೇ ಕೂತು ಊಟ ಮಾಡ್ತಿದ್ದೆ ಕಣೇ, ಈಗೆಲ್ಲಿ ಕೂರ್ಲಿ ನಾನು?" ನಾನು ಅಳೋಕೆ ಶುರು ಮಾಡಿದೆ. ಮಾವ ಕನ್ನಡಿ ಎತ್ತಿ, ಪಂಚೆ ತುದೀಲಿ ಒರೆಸಿ, ನನ್ನ ಕೈಗೆ ಕೊಟ್ಟ. ಅವನು ಬೈದಿದ್ರೆ ಎಷ್ಟೋ ವಾಸಿ ಇತ್ತು.

"ಹದಿನೈದು ದಿನ ಒಲೆ ಹಚ್ಚೋದು ಬೇಡ ಮಾವ. ಶಾಖ ತಾಗದೆ ಇದ್ರೆ ಏನಾದ್ರೂ ಮಾಡ್ತೀನಿ. ಹದಿನೈದೇ ದಿನ" ಅಂದೆ. ಆಗ ಮಾವ ಮಾತಾಡಿದ. ನನ್ನ ಇಪ್ಪತ್ಮೂರು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿರ್ಲಿಲ್ಲ. "ಒಲೆ ಉಳಿಸ್ಕೊಳ್ಳೋಕೆ ಒಲೆ ಆರಿಸ್ಲೇನವ್ವಾ?" ಅಂದ. ಅಂದು, ಎದ್ದು ಹೋಗಿ, ಸೌದೆ ಜೋಡಿಸೋಕೆ ಕೂತ. ಹಳೇ ಥರಾನೇ, ಎಡಗೆನ್ನೆ ಕೊಟ್ಟು.

ಅತ್ತೆ ಮಾತ್ರ ಜಾಣೆ. ಜಗಲಿ ಹತ್ತೋದೇ ಆದ್ರೆ ಗಂಡ ಮರ್ಯಾದೆಯಿಂದ ಹತ್ಲಿ ಅಂತ ಬುದ್ಧಿ ಹೇಳೋದು ಅಭ್ಯಾಸ ಮಾಡಿಸೋಕೆ ಹೊರಟ್ಲು. ಮಾವನನ್ನ ಮೈದಾ ಮೂಟೆ ಮೇಲೆ ಕೂರಿಸಿ, ಕೈಗೊಂದು ಊರುಗೋಲು ಕೊಟ್ಟು, ಬ್ರೆಡ್ ತಗೊಳ್ಳೋಕೆ ಬಂದ ಶಾಂತವೀರನನ್ನ ಹಿಡಿದು ನಿಲ್ಲಿಸಿ "ಏನಾದ್ರೂ ಕೇಳಪ್ಪಾ" ಅಂದ್ಲು. ಅವನಿಗೂ ಯಾರ ಹತ್ರಾನಾದ್ರೂ ಹೇಳ್ಕೋಬೇಕಿತ್ತು ಅನ್ಸುತ್ತೆ. "ನಮ್ಮಪ್ಪ ಇದಾರಲ್ಲ, ಅಂದ್ರೆ ಈಗ ನನ್ನ ತಮ್ಮ, ಅವರು ನನ್ನ ಮಾತೇ ಕೇಳ್ತಿಲ್ಲ. ನಿನ್ನೆ ಕದ್ದು ಬಿಸಿಲಲ್ಲಿ ಇಸ್ಪೀಟಾಡ್ತಿದ್ರು. ನನಗಂತೂ ಸಾಕಾಗಿದೆ, ಏನ್ ಮಾಡ್ಲಿ?" ಮಾವ ಸೂರು ನೋಡ್ದ, ನೆಲ ನೋಡ್ದ, ಬೆವರಿದ. "ಇನ್ನೂ ಬೇಯ್ಬೇಕು" ಅಂದ. ಶಾಂತವೀರ "ಹೌದು, ಹೌದು, ನಾನೇ ಸ್ವಲ್ಪ ತಾಳ್ಮೆ ತಗೋಬೇಕು" ಅಂತ ತಲೆ ಆಡಿಸ್ತಾ ಬ್ರೆಡ್ ಮರೆತು ಹೊರಟೇ ಹೋದ. "ನೋಡೇ, ಬರುತ್ತೆ ಕಣೇ ಇವರಿಗೆ!" ಅಂತ ಅತ್ತೆ ಖುಷಿಪಟ್ಲು. ಆದ್ರೆ ನಾನು ಮಾವನ ಕೈ ನೋಡ್ತಿದ್ದೆ. ಊರುಗೋಲನ್ನ ಹಲಗೆ ಕೋಲಿನ ಹಾಗೆ ಅಡ್ಡ ಹಿಡ್ಕೊಂಡು, ಮುಂದಕ್ಕೊಂದು ಸಲ, ಹಿಂದಕ್ಕೊಂದು ಸಲ, ಇಲ್ಲದ ಟ್ರೇ ತಳ್ತಿದ್ದ, ಎಳೀತಿದ್ದ. ಅವನಿಗೇ ಗೊತ್ತಿರ್ಲಿಲ್ಲ.

ಕೈ ನೋಡ್ತಿದ್ದೆ ಅಂದೆನಲ್ಲ. ನಮ್ಮೂರಲ್ಲಿ ಗಂಡಸರ ಕೈ ಯಾರೂ ನೋಡಲ್ಲ ರೀ. ಮುಖ, ಮುಖ, ಬರೀ ಮುಖ. ನಾನೂ ಅಷ್ಟೇ, ಇಷ್ಟು ದಿನ ಆ ಕೈಯಿಂದ ಬನ್ನು ಇಸ್ಕೊಂಡು ತಿಂದಿದ್ದೀನಿ, ಒಂದು ಸಲನೂ ಕಣ್ಣಿಟ್ಟು ನೋಡಿರ್ಲಿಲ್ಲ. ಆವತ್ತು ನೋಡಿದೆ. ಹತ್ತಿರ ಹೋಗಿ ಹಿಡ್ಕೊಂಡು ನೋಡಿದೆ. ಅಲ್ಲಲ್ಲಿ ಹಳೇ ಸುಟ್ಟ ಕಲೆ ಇತ್ತು, ಅದು ಬಿಟ್ರೆ ಮುಖಕ್ಕಿಂತ ಹತ್ತಿರದಿಂದ ಒಲೆ ನೋಡಿದ ಕೈ, ದಿನಾ ಒಲೆ ಬಾಯೊಳಗೆ ಹೋಗಿ ಬರೋ ಕೈ, ಬಾಣಂತಿ ಮನೆ ಮಗುವಿನ ಕೈ ಹಾಗಿತ್ತು! ನುಣ್ಣಗೆ, ಮೆತ್ತಗೆ, ಒಂದು ಸುಕ್ಕಿಲ್ಲ. ಮುಖ ಅರವತ್ತು, ಕೈ ಇಪ್ಪತ್ತು. "ಮಾವ, ಕೈಗೇನು ಹಚ್ತೀಯ ನೀನು?" ಅಂತ ಕಿರುಚಿದೆ. ಮಾವ ಗಾಬರಿಯಾಗಿ ಹಿಟ್ಟು ನಾದೋ ಕಡೆ ಬೆರಳು ತೋರಿಸಿದ. ಹಾಲು ಹಾಕಿ ಕಲಸಿ, ಹುದುಗು ಬರೋಕೆ ಬಿಟ್ಟ ಮೈದಾ ಹಿಟ್ಟು. ಇಪ್ಪತ್ತಾರು ವರ್ಷ ದಿನಕ್ಕೆ ನಾಲ್ಕು ತಾಸು ಆ ಕೈ ಅದರೊಳಗೇ ಇತ್ತು.

ನಾನು ಸೀರಮ್ ಬಾಟ್ಲಿ ಎಲ್ಲ ಪಕ್ಕಕ್ಕೆ ತಳ್ಳಿದೆ. ಮಾರನೇ ದಿನ ಎರಡೂವರೆಗೆ ಮಾವನ ಮುಖಕ್ಕೆ ಹಿಟ್ಟು ಮೆತ್ತಿದೆ, ಕಣ್ಣಿಗೆ, ಮೂಗಿಗೆ, ಬಾಯಿಗೆ ಜಾಗ ಬಿಟ್ಟು, ಅರ್ಧ ಬೆರಳು ದಪ್ಪ. ಹಾಲು, ಒಂದು ಚಮಚ ಮೊಸರು, ಚೂರು ಬೆಣ್ಣೆ. ಹಾಗೇ ಹೋಗಿ ಒಲೆ ಮುಂದೆ ನಿಂತ. ಮೇಲೆ ಮೇಲೆ ಹಿಟ್ಟು ಬಿಸಿಗೆ ಗಟ್ಟಿಯಾಗಿ ಕೆಂಪಾಗೋದು, ಒಳಗಡೆ ಮೆತ್ತಗೆ, ತಣ್ಣಗೆ ಇರೋದು. ಒಲೆ ಈಗ ಕುಡಿಯೋದಾದ್ರೆ ಆ ಹಿಟ್ಟನ್ನ ಕುಡೀಬೇಕು, ಮಾವನನ್ನಲ್ಲ. ಐದೂವರೆಗೆ ಬಿಡಿಸಿದ್ರೆ ಪೂರ್ತಿ ಒಂದು ಮುಖ ಬಂತು, ಬನ್ನಿನ ವಾಸನೆಯ ಮಾವನ ಮುಖ, ಒಳಗಡೆ ಅವನ ಒಂದೊಂದು ಗೆರೆನೂ ಅಚ್ಚೊತ್ತಿತ್ತು. ಅತ್ತೆಗೆ ಅದನ್ನ ಬಿಸಾಡೋಕೆ ಮನಸ್ಸು ಬರಲಿಲ್ಲ, ಶೆಲ್ಫ್ ಮೇಲಿಟ್ಲು. ಮಾರನೇ ದಿನ ಇನ್ನೊಂದು. ಅದರ ಮಾರನೇ ದಿನ ಇನ್ನೊಂದು. ದಿನಾ ಸಂಜೆ ನಾನು ಹೊಸ ಮುಖ ತಿರುಗಿಸಿ ಒಳಗಿನ ಗೆರೆ ಎಣಿಸೋದು, ಹಿಂದಿನ ದಿನದ್ದಕ್ಕೆ ಹೋಲಿಸೋದು. ಹದಿನಾಲ್ಕನೇ ದಿನ ಶೆಲ್ಫ್ ತುಂಬಿತ್ತು. "ಹದಿನಾಲ್ಕು ಗಂಡಂದಿರು, ಒಬ್ಬರಾದ್ರೂ ಮಾತಾಡ್ತಾರಾ ನೋಡೇ" ಅಂದ್ಲು ಅತ್ತೆ. ಮಾವನ ಕೆನ್ನೆ ಒಳಗಿಂದ ಏನೋ ಒದ್ದುಕೊಂಡು ಬಂತು, ಆದ್ರೆ ನಗೆ ಬಿಟ್ಟ ತಿಂಗಳಲ್ವಾ, ಕಚ್ಚಿ ಹಿಡ್ಕೊಂಡ.

ಗೆರೆ ಕಡಿಮೆ ಆಗಿತ್ತು. ಎರಡೂ ಕೆನ್ನೆ ಸಮ ಆಗಿತ್ತು. ಆದ್ರೆ ಎಷ್ಟಕ್ಕೆ? ಐವತ್ತೆಂಟಾ, ಐವತ್ತೊಂಬತ್ತಾ, ಅರವತ್ತಾ? ದಿನಾ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು, ನನಗೆ ಹೇಳೋಕೇ ಆಗ್ಲಿಲ್ಲ. ಹತ್ತು ಮಾರು ದೂರದಿಂದ ಹೇಳೋಳು ನಾನು!

ನೋಟದ ದಿನ ಸಂತೆ ಮೈದಾನದಲ್ಲಿ ಗಂಡಸರ ಸಾಲು ಕೆರೆ ಏರಿ ತನಕ ನಿಂತಿತ್ತು. ಯಾರ ಮುಖದಲ್ಲೂ ಒಂದು ಅಲುಗಾಟ ಇಲ್ಲ, ಪಾತ್ರೆ ಅಂಗಡಿ ಮುಂದೆ ಬೋರಲು ಹಾಕಿದ ಕೊಡಗಳ ಹಾಗೆ. ಹೆಂಗಸರು ಪರದೆಯ ಆ ಕಡೆ, ನೋಟದವರ ಹಿಂದೆ. ನಾನು ಅತ್ತೆ ಕೈ ಹಿಡ್ಕೊಂಡು ಮುಂದೆನೇ ನಿಂತಿದ್ದೆ. ಜಗಲಿಯಿಂದ ಚೌಡಜ್ಜನೂ ಬಂದಿದ್ದ, ಕಂಕುಳಲ್ಲಿ ಆ ಕೆಂಪು ಅಂಚಿನ ದಿಂಬು. "ನಡ್ಕೊಂಡು ಹೋಗೋವಾಗ ಅವನ ಕೈಗೇ ಕೊಡೋಣ ಅಂತ" ಅಂದ. ಅತ್ತೆ ಅವನ ಕಡೆ ನೋಡಿದ ನೋಟಕ್ಕೆ ದಿಂಬಿನ ಹತ್ತಿ ಹೊತ್ತಿ ಉರೀಬೇಕಿತ್ತು.

ತೂತಲ್ಲಿ ಮಾವನ ಮುಖ ಬಂತು. ಮೊದಲನೆಯವಳು ಈರಮ್ಮ, ಟೊಮೇಟೊ ಮಾರೋಳು. ನೋಡಿ, "ಐವತ್ತೆಂಟು" ಅಂದ್ಲು. ಎರಡನೆಯವಳು ಗೆಣಸಿನ ಸಾಕವ್ವ, ಗೆಣಸಿನ ಹಾಗೇ ಗಟ್ಟಿ. "ಅರವತ್ತೊಂದು" ಅಂದ್ಲು. ಅತ್ತೆ ನನ್ನ ಕೈ ಹಿಸುಕಿದ್ಲು. ಇನ್ನು ಕೆಂಚವ್ವ ಹೇಳಿದ್ದೇ ನಡು. ಐವತ್ತೊಂಬತ್ತು ಅಂದ್ರೆ ಒಲೆ, ಅರವತ್ತು ಅಂದ್ರೆ ಜಗಲಿ.

ಕೆಂಚವ್ವ ಎದ್ಲು. ಅವಳು ಯಾವತ್ತೂ ಎದ್ದು ನೋಡೋಳಲ್ಲ. ಎಡಗೆನ್ನೆ ನೋಡಿದ್ಲು, ಬಲಗೆನ್ನೆ ನೋಡಿದ್ಲು. ಹುಬ್ಬು ಗಂಟು ಹಾಕಿದ್ಲು. ಇನ್ನೂ ಹತ್ತಿರ ಬಗ್ಗಿದ್ಲು. ಆಗ ಏನಾಯ್ತು ಅಂದ್ರೆ, ಹ್ಞಾಂ, ಹದಿನಾಲ್ಕು ದಿನ ಹಿಟ್ಟೊಳಗಿದ್ದ ಮುಖ ಅದು, ಕಡ್ಲೆಹಿಟ್ಟಲ್ಲಿ ಎಷ್ಟು ತೊಳೆದ್ರೂ ಒಳಗಿಂದ ಬಿಸಿ ಬನ್ನಿನ ಘಮ ಬರ್ತಿತ್ತು. ಕೆಂಚವ್ವನ ಮೂಗು ಅರಳಿತು. ಅವಳ ಕಣ್ಣು ಅರ್ಧ ಮುಚ್ಕೊಂಡ್ತು. ನೋಟ, ಪರದೆ, ಸಂತೆ ಮೈದಾನ ಎಲ್ಲ ಮರೆತು, ದಿನಾ ನಾಲ್ಕೂವರೆಗೆ ಬಾಗಿಲಲ್ಲಿ ನಿಂತು ಕೇಳೋ ಹಾಗೇ, ತಾನು ಏನು ಕೇಳ್ತಿದ್ದೀನಿ ಅಂತ ಗೊತ್ತಿಲ್ಲದೇ ಕೇಳಿಬಿಟ್ಲು. "ಬೆಂದಿದ್ಯಾ ಹಾಲಪ್ಪಾ?"

ತೂತಲ್ಲಿ ನಿಂತೋರು ತುಟಿ ಬಿಚ್ಚಬಾರದು. ಹುಟ್ಟಿದಾಗಿಂದ ಎಲ್ಲರಿಗೂ ಗೊತ್ತಿರೋ ವಿಷಯ. ಆದ್ರೆ ಹದಿನೈದು ವರ್ಷದ ರೂಢಿ ಬಿಡುತ್ತಾ? ಪರದೆಯಿಂದ ಮಾವನ ದನಿ ಬಂತು, ನಿಧಾನಕ್ಕೆ, ಗಂಭೀರವಾಗಿ. "ಇನ್ನೂ ಬೇಯ್ಬೇಕು."

ಸಾಲಿನಲ್ಲಿ ಯಾರೋ ಮೂಗಿಂದ "ಪುಸ್ಸ್" ಅಂದ್ರು. ಗುರುಲಿಂಗಪ್ಪನವರು. ತಡೆಯೋಕೆ ನೋಡಿದ್ರು, ಭುಜ ಕುಣೀತಿತ್ತು, ಶಾಂತವೀರ "ಏಯ್, ನಗಬೇಡ! ತಮ್ಮಾ, ನಗಬೇಡ!" ಅಂತ ಗದರಿಸ್ತಾ ಗದರಿಸ್ತಾ ತಾನೇ ಬಿದ್ದು ಬಿದ್ದು ನಕ್ಕ. ಅಲ್ಲಿಗೆ ಕಟ್ಟೆ ಒಡೀತು. ಪೋಸ್ಟ್‌ಮ್ಯಾನ್ ಕೊಡೆ ಬಿಸಾಕಿ ಹೊಟ್ಟೆ ಹಿಡ್ಕೊಂಡ. ಒಂದು ತಿಂಗಳ ನಗೆ, ಊಟಕ್ಕೆ ಕೂತಾಗ ನುಂಗಿದ್ದ ಅಷ್ಟೂ ನಗೆ, ಎಲ್ಲ ಒಟ್ಟಿಗೆ ಹೊರಗೆ ಬಂತು. ಕೆರೆ ಏರಿ ಮೇಲಿದ್ದೋರಿಗೆ ಏನಾಯ್ತು ಅಂತಾನೇ ಗೊತ್ತಿಲ್ಲ, ಅವರೂ ನಗ್ತಿದ್ರು. ಚೌಡಜ್ಜ ದಿಂಬಿನಲ್ಲಿ ಮುಖ ಮುಚ್ಕೊಂಡು ನಗ್ತಿದ್ದ. ತೂತಲ್ಲಿ ಮಾವ ಮಾತ್ರ ನಕ್ಕಿರ್ಲಿಲ್ಲ, ತಾನು ಏನು ಮಾಡ್ದೆ ಅಂತ ಗೊತ್ತಾಗಿ ಬೆಪ್ಪಾಗಿದ್ದ, ಕಣ್ಣು ನನ್ನನ್ನ ಹುಡುಕ್ತಿತ್ತು.

ನಾನು ನಗಲಿಲ್ಲ. ನನಗೆ ಕೆಂಚವ್ವನ ಬಾಯೊಂದೇ ಕಾಣಿಸ್ತಿದ್ದಿದ್ದು. ಅವಳು ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು, ಮತ್ತೆ ಒರೆಸ್ಕೊಂಡ್ಲು. "ಮಾತಾಡಿದ್ನಲ್ಲ, ಇದು ನಡೆಯಲ್ಲ" ಅಂತ ಸಾಕವ್ವ ಅಂದ್ಲು. "ನಾನು ಕೇಳಿದೆ, ಅವನು ಹೇಳಿದ. ಕೇಳಿದ ತಪ್ಪು ನಂದು" ಅಂದ್ಲು ಕೆಂಚವ್ವ. "ಬದನೇಕಾಯಿ ಆಗಿದ್ರೆ ನಾನೇ ಹೇಳ್ತಿದ್ದೆ. ಇದು ಬನ್ನು ಕಣ್ರವ್ವಾ. ಬನ್ನಿನ ವಿಷಯ ಈ ಊರಲ್ಲಿ ಅವನೊಬ್ಬನಿಗೇ ಗೊತ್ತಿರೋದು. ಇನ್ನೂ ಬೇಯ್ಬೇಕಂತೆ. ಐವತ್ತೊಂಬತ್ತು!"

ನಾನು ಪಕ್ಕದಲ್ಲಿದ್ದ ಯಾರದೋ ಹುರುಳೀಕಾಯಿ ಬುಟ್ಟಿ ಮೇಲೆ ಕೂತ್ಬಿಟ್ಟೆ. ಅತ್ತೆ ನನ್ನ ತಲೆ ಮೇಲೆ ಒಂದು ಮೊಟಕಿದ್ಲು, ಆಮೇಲೆ ಅದೇ ತಲೆ ತಬ್ಕೊಂಡು ಅತ್ಲು. "ಐವತ್ತಕ್ಕೆ ಇಳಿಸ್ತೀನಿ ಅಂದಿದ್ಯಲ್ಲೇ ಬಡಾಯಿ" ಅಂತಾನೇ ಅಳ್ತಿದ್ಲು. ಒಂಬತ್ತು ವರ್ಷ ಲೆಕ್ಕ ತಪ್ಪಿದ್ರೂ ಆವತ್ತು ನನಗೆ ಆಗಿದ್ದ ನೆಮ್ಮದಿ ಹೇಳೋಕೆ ಬರಲ್ಲ.

ಆಮೇಲೆ ತೂತಿಗೆ ಬಂದ ಮುಖಗಳನ್ನ ನೀವು ನೋಡಬೇಕಿತ್ತು. ಒಬ್ಬರಿಗೂ ನಗೆ ನಿಲ್ಲಿಸೋಕೆ ಆಗ್ತಿಲ್ಲ. ಎಲ್ಲರ ವಯಸ್ಸೂ ಐದಾರು ವರ್ಷ ಏರಿತು, ಪೋಸ್ಟ್‌ಮ್ಯಾನ್‌ಗಂತೂ ಹತ್ತು. ಒಬ್ಬರೂ ಬೇಜಾರು ಮಾಡ್ಕೊಳ್ಳಲಿಲ್ಲ. ಮೊದಲು ನಕ್ಕ ಗುರುಲಿಂಗಪ್ಪನವರಿಗೆ ಎಲ್ಲರಿಗಿಂತ ಹೆಚ್ಚು, ಹದಿನೈದು ಏರಿ ಐವತ್ತಾರು ಬಿತ್ತು, ಶಾಂತವೀರನಿಗೆ ಐವತ್ತು. ಮಗ ಅಲ್ಲೇ ಮಣ್ಣಲ್ಲೇ ಅಪ್ಪನ ಕಾಲಿಗೆ ಬಿದ್ದ. "ಸದ್ಯ! ನಾಳೆಯಿಂದ ಅಂಗಡಿ ಬಾಗಿಲು ನೀವೇ ತೆಗೀರಿ ಅಪ್ಪಾಜಿ. ನನ್ನ ಕೈಲಿ ನಿಮಗೆ ಅಣ್ಣ ಆಗಿರೋಕೆ ಆಗಲ್ಲ." ಗುರುಲಿಂಗಪ್ಪನವರು ಮಗನ ತಲೆ ಮೇಲೆ ಕೈಯಿಟ್ಟು, "ಆಯ್ತು ಬಿಡೋ. ಇವತ್ತು ಏಳು ಗಂಟೆಯೊಳಗೆ ಮನೆ ಸೇರ್ಕೋ" ಅಂದ್ರು.

ಮಾವ ಮನೆಗೆ ಹೋಗಲಿಲ್ಲ. ನೇರ ಬೇಕರಿಗೆ ಹೋಗಿ ಒಲೆ ಹಚ್ಚಿದ. ಹಲಗೆ ಬಲಗೈಲಿ. ನಾಲ್ಕೂವರೆಗೆ ಮೊದಲ ಟ್ರೇ ಬಂತು, ಸುತ್ತಲೂ ಒಂದೇ ಬಣ್ಣದ ಬನ್ನು. ಟ್ರೇನ ತಲೆ ಮೇಲಿಟ್ಕೊಂಡು ಹೊರಟ, ಈ ಸಲ ಸುತ್ತು ಹಾಕಲಿಲ್ಲ, ಜಗಲಿ ದಾರೀಲೇ ಹೋದ. ನಾನೂ ಹಿಂದೆ ಓಡಿದೆ. ಚೌಡಜ್ಜ ದಿಂಬನ್ನ ಮತ್ತೆ ಅದೇ ಕಲ್ಲಿನ ಮೇಲೆ ಹಾಕಿದ್ದ. "ಜಾಗ ಹಾಗೇ ಇದೆ ಕಣಯ್ಯಾ ಹಾಲಪ್ಪಾ" ಅಂದ, ಇನ್ನೂ ನಗ್ತಾನೇ. ಮಾವ ಒಂದು ಕೈಲಿ ಟ್ರೇ ಹಿಡ್ಕೊಂಡು ಆ ದಿಂಬಿನ ಹತ್ತಿರ ಹೋದ. ಇನ್ನೊಂದು ಕೈ ಚಾಚಿ, ಬೆರಳಲ್ಲಿ ಒತ್ತಿ ನೋಡ್ದ, ಹಿಟ್ಟು ಹುದುಗು ಬಂದಿದ್ಯಾ ಅಂತ ನೋಡೋ ಹಾಗೆ. ಆಮೇಲೆ ಟ್ರೇ ಇಳಿಸಿ, ದಿಂಬಿನ ಮೇಲೆ ಇಟ್ಟ. ಹಿರೀಕರೆಲ್ಲ ಕೈ ಹಾಕಿದ್ರು.

"ಬೆಂದಿದೆ" ಅಂದ ಮಾವ.

ಅಂದು, ಖಾಲಿ ಕೈ ಬೀಸ್ಕೊಂಡು ವಾಪಸ್ಸು ಹೊರಟ. ಒಲೆಯಲ್ಲಿ ಎರಡನೇ ಟ್ರೇ ಇತ್ತಲ್ಲ. ನಾನು ಅವನಿಗಿಂತ ಮುಂಚೆ ಓಡಿ ಹೋಗಿ ಹಾಲು ಬೆಚ್ಚಗೆ ಮಾಡಿ ಹಿಟ್ಟು ಕಲಸೋಕೆ ಕೂತೆ. ಮುಂದಿನ ನೋಟಕ್ಕೆ ಮುನ್ನೂರ ಅರವತ್ನಾಲ್ಕು ದಿನ ಇದೆ, ಅತ್ತೆ ಶೆಲ್ಫ್ ಸಾಲಲ್ಲ ಅಂತ ಈಗ್ಲೇ ಗೊಣಗ್ತಿದ್ದಾಳೆ.